ಇಪ್ಪತ್ತೆಂಟನೆಯ ದಿನ

ಕುಶಾಲನಗರದಲ್ಲಿ, ಟೈರ್ ಅಂಗಡಿಯ ಹಿಂದುಗಡೆ ನಮ್ಮ ಲ್ಯಾಬು.
ತೊಟ್ಟಿಯ ನೀರಲ್ಲಿ ಮುಳುಗಿ ಸರದಿ ಕಾಯುವ ಕಾಂಕ್ರೀಟ್ ತುಂಡುಗಳು,
ಮೂರೂ ಕಡೆಯಿಂದ ಗೇಣಿಗೆ ತುಸು ಕಡಿಮೆ,
ತೂಕ ಎಂಟು ಕಿಲೋ,
ಮೈಮೇಲೆ ಮೊಳೆಯಲ್ಲಿ ಗೀಚಿದ ತಾರೀಕು, ಊರು, ಪಿಲ್ಲರಿನ ನಂಬರು.
ಹನ್ನೊಂದು ವರ್ಷದಿಂದ ನನಗೆ ಕೆಲಸ ಒಂದೇ:
ಇಪ್ಪತ್ತೆಂಟನೆಯ ದಿನ ಅವನ್ನು ಒಡೆಯುವುದು.
(ನೆಂಟರು ಬಂದರೆ ಅತ್ತೆ ಅನ್ನುತ್ತಾರೆ,
ಸೊಸೆಗೆ ಆಫೀಸಿನ ಕೆಲಸ.)

ನೀರು ಕುಡಿದು ಬಲಿತ ತುಂಡು ಸುಮ್ಮನೆ ಪುಡಿಯಾಗುವುದಿಲ್ಲ.
ಮೆಷಿನ್ನು ಒತ್ತುತ್ತ ಹೋದಂತೆ ನಾಲ್ಕು ಪಕ್ಕೆ ಕಳಚಿ
ನಡು ಸಣ್ಣಗಾಗಿ
ಒಳಗಿಂದೊಂದು ದುಡಿ ಹೊರಬರುತ್ತದೆ,
ಹುತ್ತರಿಗೆ ಬಾರಿಸುತ್ತಾರಲ್ಲ, ಅದೇ ಆಕಾರ.
ಎಷ್ಟು ಸಲ ನೋಡಿದರೂ ನನಗೆ ಅದು ಇಷ್ಟ.
ಯಾರಿಗೂ ಹೇಳಿಲ್ಲ.

ಮೇ ಎರಡನೇ ವಾರ ಮೂರು ತುಂಡು ಬಂತು,
ಮಡಿಕೇರಿ ಮೇಲಿನ ಗುಡ್ಡ ಕಡಿದು ಕಟ್ಟುತ್ತಿರುವ
ಹೋಂಸ್ಟೇಯ ತಡೆಗೋಡೆಯದು.
ನಲವತ್ತೈದು ಟನ್ ಹೊತ್ತರೆ ಪಾಸು.
ಐವತ್ತೈದು, ಅರವತ್ತು, ನಮ್ಮ ಕಡೆ ಅದೇ ಹೆಚ್ಚು.
ಇವು ತೊಂಬತ್ತಕ್ಕೂ ಮಿಸುಕಲಿಲ್ಲ.
ತಂದ ಹುಡುಗ ಹಲ್ಲು ಬಿಟ್ಟ: "ಫಸ್ಟ್ ಕ್ಲಾಸಲ್ವಾ ಮೇಡಂ?"
ಒಡೆದ ಮೇಲೆ ಒಳಗೆ ನೋಡಿದೆ.
ತೊಳೆದ ನೀಲಿಕಪ್ಪು ಮರಳು,
ಅಕ್ಕಿ ಆರಿಸಿದ ಹಾಗೆ ಆರಿಸಿದ ಜಲ್ಲಿ.

ಅಕ್ಕನನ್ನು ತೋರಿಸಿ ತಂಗಿಯನ್ನು ಧಾರೆಯೆರೆದ ಮದುವೆ
ನಮ್ಮೂರಲ್ಲೂ ಒಂದು ನಡೆದಿತ್ತು.

ಭಾನುವಾರ ಬಸ್ಸು ಹತ್ತಿ ಹೋದೆ, ಯಾರೂ ಕಳಿಸದೆ.
ಗೋಡೆ ಹದಿನಾಲ್ಕು ಅಡಿ, ಉಗುರಲ್ಲಿ ಕೆರೆದರೆ ಉದುರುತ್ತಿತ್ತು.
ನೀರು ಬಸಿಯಲು ಇಟ್ಟ ಪೈಪಿನ ಬಾಯಿಗೆಲ್ಲ
ಅಂದ ಕೆಡುತ್ತದೆಂದು ಸಿಮೆಂಟು ಮೆತ್ತಿದ್ದರು.
ರಾಶಿಯ ಮರಳು ಒಂದು ಹಿಡಿ ಬಾಟಲಿಗೆ ಹಾಕಿ ಕುಲುಕಿದೆ,
ನೀರು ಕಾಫಿಯಾಯಿತು.
ಕಾಲು ಬಾಟಲಿ ಬರೀ ಕೆಮ್ಮಣ್ಣು.

ಮೇಸ್ತ್ರಿ ಹುಲಿಗೆಪ್ಪ, ಲಿಂಗಸುಗೂರಿನವನು,
ಬೀಡಿ ಆರಿಸಿ ಹೇಳಿದ:
"ಆ ಮೂರು ಡಬ್ಬಿಗಿ ಬ್ಯಾರೆ ಮಾಲ್ ರೀ ಅಕ್ಕಾರ.
ಅದನ್ನ ಕಲಸಾಕ ಬ್ಯಾರೆ ಮಂದೀನ ಬಂದಿದ್ರು."
ಗೋಡೆಗೆ ಒರಗಿಸಿ ಕಟ್ಟಿದ ತಗಡಿನ ಶೆಡ್ಡು ಅವನದೇ.
ಒಳಗೆ ಸೀರೆಯ ಜೋಲಿ, ಜೋಲಿಯಿಂದ ಹೊರಬಿದ್ದ
ಒಂದು ಪುಟ್ಟ ಕಾಲು.

ಸೋಮವಾರ ರಿಪೋರ್ಟಿನಲ್ಲಿ ಎರಡೇ ಕಾಲಂ,
ಪಾಸು, ಫೇಲು.
ತುಂಡು ಪಾಸು. ಅದರಲ್ಲಿ ಸುಳ್ಳಿಲ್ಲ.
ಗೋಡೆಗೆ ಕಾಲಂ ಇಲ್ಲ.
ಅಂಚಿನ ಖಾಲಿ ಜಾಗದಲ್ಲಿ ಬರೆದೆ:
ಈ ತುಂಡು ಈ ಗೋಡೆಯದಲ್ಲ.
ಓನರ್ ಉತ್ತಯ್ಯನವರು ಕನ್ನಡಕ ಏರಿಸಿ, ಇಳಿಸಿ,
"ಅಂಚಲ್ಲಿ ಬರೆದದ್ದು ಜೆರಾಕ್ಸಲ್ಲಿ ಬರೋದಿಲ್ಲಮ್ಮ" ಅಂದರು.
ಹರಿಯಲಿಲ್ಲ. ಸಹಿಯೂ ಹಾಕಲಿಲ್ಲ.
ಡ್ರಾಯರಿಗೆ ಹಾಕಿ ಊಟಕ್ಕೆ ಹೋದರು.

ಇಷ್ಟು ನಡೆದಿದೆ:
ಶೆಡ್ಡು ಈಗ ರಸ್ತೆಯಾಚೆ, ನಲವತ್ತು ಹೆಜ್ಜೆ ದೂರ.
ಅದನ್ನು ಸರಿಸಲು ನಾನು ಮೂರು ಸಲ ಹೋಗಬೇಕಾಯಿತು,
ಒಮ್ಮೆ ಬೈದೆ, ಒಮ್ಮೆ ಅತ್ತೆ,
ಕೊನೆಗೆ ತಗಡಿನ ಒಂದು ತುದಿ ನಾನೇ ಹಿಡಿದೆ.
ಹುಲಿಗೆಪ್ಪನ ಬಾಂಡಲಿಯಲ್ಲಿ ಉಳಿದ ಮಾಲು ಅಚ್ಚಿಗೆ ತುಂಬಿ
ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತಂದೆ.
ಕಂಡಕ್ಟರ್ ಕೇಳಿದ, "ಏನಕ್ಕಾ, ಕೇಕಾ?"

ಅದೀಗ ತೊಟ್ಟಿಯಲ್ಲಿದೆ, ಕೊನೆಯ ಸಾಲು, ಎಡಗಡೆ.
ತಾರೀಕು ನಾನೇ ಗೀಚಿದ್ದು.
ಬಲಿಯಲು ಅದಕ್ಕೆ ಇಪ್ಪತ್ತೆಂಟು ದಿನ ಬೇಕು.
ಮಳೆ ಹದಿನೈದು ದಿನದಲ್ಲಿ ಬರುತ್ತದೆಂದು ರೇಡಿಯೋ.
ದಿನಾ ಬೆಳಗ್ಗೆ ಬೀಗ ತೆಗೆದು ಮೊದಲು
ತೊಟ್ಟಿಗೆ ಕೈ ಇಳಿಸಿ ಮುಟ್ಟಿ ನೋಡುತ್ತೇನೆ.
ಇನ್ನೂ ಮೆತ್ತಗಿದೆ, ಮೂಲೆ ಬೆರಳಿಗೇ ಬರುತ್ತದೆ.