ಮೂರಕ್ಕೂ ನಾಲ್ಕಕ್ಕೂ ನಡುವೆ

ಅಪ್ ಅಂದರೆ ಮೇಲೆ, ಡೌನ್ ಅಂದರೆ ಕೆಳಗೆ.
ಇಪ್ಪತ್ತಾರು ವರ್ಷ ಇಷ್ಟೇ ಇಂಗ್ಲಿಷಿನಲ್ಲಿ
ಬಲ್ಲಾರ್ಡ್ ಪಿಯರಿನ ಈ ಹಳೇ ಕಟ್ಟಡದ ಲಿಫ್ಟು ನಡೆಸಿದ್ದೇನೆ.
ಹಿತ್ತಾಳೆ ಹಿಡಿಯನ್ನು ಎಡಕ್ಕೆ ತಿರುಗಿಸಿದರೆ ಏರು, ಬಲಕ್ಕೆ ಇಳಿ.
ವಕೀಲರು, ಹಡಗಿನ ಏಜೆಂಟರು, ರಜಿಸ್ಟರ್ಡ್ ಟಪಾಲು,
ಒಮ್ಮೆ ಆನೆಮರಿಯಷ್ಟಿದ್ದ ಒಂದು ತಿಜೋರಿ,
ಎಲ್ಲರನ್ನೂ ಎರಡೇ ಶಬ್ದದಲ್ಲಿ ಮುಟ್ಟಿಸಿದವ ನಾನು.

ಈಗ ವಡಾಲದ ಮುನಿಸಿಪಾಲಿಟಿ ಶಾಲೆಯಲ್ಲಿ
ರಾತ್ರಿ ಎಂಟಕ್ಕೆ, ಎರಡನೇ ಕ್ಲಾಸಿನ ಮಕ್ಕಳ ಬೆಂಚಿಗೆ
ಮೊಣಕಾಲು ತುರುಕಿ ಕೂತು ಕಲಿಯುತ್ತಿದ್ದೇನೆ:
ಗಿವ್ ಅಪ್ ಎಂದರೆ ಯಾರೂ ಏನನ್ನೂ ಮೇಲಕ್ಕೆ ಕೊಡುವುದಿಲ್ಲ.
ಶಟ್ ಅಪ್, ಶಟ್ ಡೌನ್, ಎರಡೂ ಮುಚ್ಚುವುದೇ,
ಒಂದು ಬಾಯಿ, ಒಂದು ಗಿರಣಿ.
ಪಕ್ಕದ ಸಾಧು ಮೂಲ್ಯ ಇರಾನಿ ಬೇಕರಿಯ ಒಲೆ ಕಾಯುವವ.
ಬರ್ನ್ ಅಪ್ ಆದರೇನು ಬರ್ನ್ ಡೌನ್ ಆದರೇನು,
ಪಾವ್ ಕರಿಯೇ, ಬೈಗುಳ ನನಗೇ, ಎನ್ನುತ್ತಾನೆ.
ಗ್ರೇಟಾ ಕ್ರಾಸ್ತಾ ಟೀಚರು ನಗುವುದಿಲ್ಲ.
ಈ ಕ್ರಿಯಾಪದಗಳಿಗೆ ಬಾಲ ಇದೆ,
ಮುಖ ನೋಡಿ ಮೋಸ ಹೋಗಬೇಡಿ, ಬಾಲ ನೋಡಿ.

ಮಂಗಳವಾರ ಮೂರೂಕಾಲಿಗೆ ಐದರಿಂದ ಇಳಿಯುವಾಗ
ಲಿಫ್ಟು ಗಕ್ಕನೆ ನಿಂತಿತು.
ಒಳಗೆ ನಾನು ಮತ್ತು ಹಡಗು ಕಂಪನಿಯ ತಾಂಡೇಲ್ ಹುಡುಗಿ,
ಅವಳ ಕೈಯಲ್ಲಿ ರಟ್ಟಿನ ಪೆಟ್ಟಿಗೆ,
ಅದರೊಳಗೆ ಚಹಾದ ಮಗ್ಗು,
ಆಫೀಸಿನೊಳಗೆ ಮಾತ್ರ ಹಾಕುವ ಒಂದು ಜೊತೆ ಚಪ್ಪಲಿ.
ಬ್ರೇಕ್ ಡೌನ್. ಹಿಂದಿನ ರಾತ್ರಿಯಷ್ಟೇ ಬರೆದುಕೊಂಡಿದ್ದೆ.
ಅರ್ಥ ಒಂದು: ಯಂತ್ರ ಕೆಟ್ಟು ನಿಲ್ಲುವುದು.
ಅರ್ಥ ಎರಡು ನನ್ನೆದುರೇ ನಡೆಯಿತು,
ಗ್ರಿಲ್ಲಿಗೆ ಹಣೆ ಹಚ್ಚಿ, ಸದ್ದಿಲ್ಲದೆ, ಭುಜಗಳಿಂದ.

ಹೋಲ್ಡ್ ಆನ್, ಎಂದೆ.
ಪುಸ್ತಕದ ಹೊರಗೆ ನಾನಾಡಿದ ಮೊದಲ ಬಾಲದ ಮಾತು.
ಅವಳು ಗ್ರಿಲ್ಲನ್ನು ಹಿಡಿದುಕೊಂಡಳು.
ಅರ್ಥ ಅದಲ್ಲ, ಆದರೂ ನಡೆದೀತು.
ದೇ ಲೆಟ್ ಮಿ ಗೋ, ಎಂದಳು,
ನನಗಲ್ಲ, ಎದುರಿನ ಬರೀ ಗೋಡೆಗೆ.
ಲೆಟ್ ಎಂದರೆ ಬಿಡು, ಗೋ ಎಂದರೆ ಹೋಗು.
ಓಹೋ, ಇವತ್ತು ಬೇಗ ಮನೆಗೆ ಬಿಟ್ಟಿದ್ದಾರೆ,
ಸಂತೋಷಕ್ಕೂ ಕೆಲವರು ಅಳುತ್ತಾರೆ.
ವೆರಿ ಗುಡ್, ಎಂದೆ ನಾನು.
ಅಳು ನಿಲ್ಲಿಸಿ ನನ್ನನ್ನು ನೋಡಿದಳು.
ಆ ನೋಟಕ್ಕೆ ಬಾಲ ಇರಲಿಲ್ಲ.

ಮೆಕ್ಯಾನಿಕ್ ಬರಲು ನಲವತ್ತು ನಿಮಿಷ.
ಅವಳನ್ನು ನನ್ನ ಸ್ಟೂಲಿನಲ್ಲಿ ಕೂರಿಸಿ ಬಾಟಲಿಯ ನೀರು ಕೊಟ್ಟೆ.
ಕೆಳಗೆ ಬಂದಾಗ ಪೆಟ್ಟಿಗೆ ಎತ್ತಿಕೊಂಡು
ಯೇತೇ ಕಾಕಾ, ಎಂದು ಹೋದಳು.
ಹೋಗುವವಳು ಬರುತ್ತೇನೆ ಎಂದಳು.
ಅದರ ಅರ್ಥ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ರಾತ್ರಿ ಕೈಯೆತ್ತಿ ಕೇಳಿದೆ.
ಟೀಚರು ಸುಣ್ಣದಕಡ್ಡಿ ಕೆಳಗಿಟ್ಟರು.
ಕೆಲಸದಿಂದ ತೆಗೆದರು ಅಂತ. ಮೆತ್ತಗೆ ಹೇಳುವ ರೀತಿ ಅದು,
ಮೂವತ್ತೊಂದು ವರ್ಷ ಟೈಪು ಮಾಡಿದ ಮೇಲೆ ನನಗೂ ಹೇಳಿದ್ದರು.
ಕೈ ಬಿಟ್ಟರು ಅನ್ನಿ, ಎಂದ ಸಾಧು ಮೂಲ್ಯ.
ಹೌದಲ್ಲ. ಅವರ ಮಾತಿಗೆ ಹಿಂದೆ ಬಾಲ,
ನಮ್ಮ ಮಾತಿಗೆ ಮುಂದೆ ಕೈ.
ಕೈ ಹಿಡಿ, ಕೈ ಹಚ್ಚು, ಕೈ ಚೆಲ್ಲು.
ಕೈ ಕೊಟ್ಟ ಎಂದರೆ ಯಾರಿಗೂ ಕೈ ಸಿಕ್ಕಿರುವುದಿಲ್ಲ.
ಐವತ್ತೆರಡು ವರ್ಷ ಹೀಗೆ ಮಾತಾಡಿಕೊಂಡೇ ಬಂದವ,
ಇಂಗ್ಲಿಷು ಮಾತ್ರ ಕಳ್ಳ ಎಂದುಕೊಂಡಿದ್ದೆ.

ಟೇಕ್ ಬ್ಯಾಕ್: ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು.
ಮರುದಿನದ ಪಾಠದಲ್ಲಿತ್ತು.
ಎರಡು ಸಲ ಬರೆದು ಅಡಿಗೆರೆ ಎಳೆದೆ.
ಐದನೇ ಮಹಡಿಯಲ್ಲಿ ಅವಳ ನಂಬರು ಕೊಡುವವರಿಲ್ಲ.

ದಿನಕ್ಕೆ ಎಂಬತ್ತು ಸಲ ಆ ಬರೀ ಗೋಡೆ ದಾಟುತ್ತೇನೆ.
ನನ್ನ ವೆರಿ ಗುಡ್ ಅಲ್ಲೇ ನಿಂತಿದೆ,
ಹತ್ತದೆ, ಇಳಿಯದೆ.
ಹಿಡಿಯ ಮೇಲೆ ಕೈ ಒಂದಿಷ್ಟು ನಿಧಾನವಾಗುತ್ತದೆ.
ಏನಾಯ್ತು, ಎನ್ನುತ್ತಾರೆ ಒಳಗಿನವರು, ಮತ್ತೆ ಕೆಟ್ಟಿತೇ?