ಎರಡನೇ ಟೇಕ್‌ಗೆ ರೀಲಿಲ್ಲ

ಆಗಸ್ಟ್ ಹದಿನಾಲ್ಕು. ಹಗಲ ಕಾವು ಇನ್ನೂ ಕಲ್ಲೊಳಗೇ ಕೂತಿದೆ.
ತಾಬೆರ್ನಾಸಿನ ಬೋಳುಗುಡ್ಡಗಳ ಕೆಳಗೆ
ಬೇಕರಿಯ ಹಿಂಗೋಡೆಗೆ ಸುಣ್ಣ ಬಳಿದು,
ಮನೆಮನೆಯಿಂದ ಕುರ್ಚಿ ಹೊತ್ತು ತಂದು,
ವರ್ಷಕ್ಕೊಮ್ಮೆ ನಾವು ಅದೇ ಸಿನಿಮಾ ನೋಡುತ್ತೇವೆ.

ಕತೆ ಮಾತ್ರ ಕೇಳಬೇಡಿ.
ಒಬ್ಬ ನಡೆದು ಬರುತ್ತಾನೆ,
ಕುದುರೆಯ ಬಾಡಿಗೆ ಮರುದಿನದಿಂದ ಶುರುವಂತೆ.
ಯಾರ ಮೇಲೋ ಸೇಡು. ಯಾಕೆ ಎಂಬುದು ಮೂರನೇ ರೀಲಿನಲ್ಲಿತ್ತು,
ಆ ರೀಲು ರೋಮಿನಲ್ಲೇ ಎಲ್ಲೋ ಕಳೆದುಹೋಯಿತು.
ಉಳಿದದ್ದು ಧೂಳು, ಬೆವರು, ಹುಬ್ಬು,
ಮತ್ತೆ ಧೂಳು.

ಬಂದವರ ಹತ್ತಿರ ಇದ್ದದ್ದು ನಾಲ್ಕು ಕುದುರೆ, ಹನ್ನೊಂದು ಸಮವಸ್ತ್ರ,
ಮೂರು ವಾರಕ್ಕಾಗುವಷ್ಟು ಸಾಲ.
ನಾಯಕ ಜರ್ಮನ್ನಿನಲ್ಲಿ ಗುಡುಗಿದರೆ
ಖಳ ಇಟಲಿಯ ಮಾತಿನಲ್ಲಿ ಒಂದು, ಎರಡು, ಮೂರು ಎಣಿಸುತ್ತಿದ್ದ.
ತುಟಿ ಆಡಿದರೆ ಸಾಕು, ಮಾತು ಆಮೇಲೆ ಅಂಟಿಸಿದರಾಯಿತು.
ನಮ್ಮ ಕುರಿಗಾಹಿ ಹಿನೆಸ್ ಗುಂಡು ತಗುಲಿ ಬೀಳುತ್ತ ಅಂದದ್ದು
ಸಾಲ ಕೊಡದ ಭಾವನಿಗೊಂದು ಬೈಗುಳ.
ಸಿನಿಮಾದಲ್ಲಿ ಅದು ‘ದೇವರೇ, ನನ್ನ ಮಕ್ಕಳು!’ ಆಗಿದೆ.
ಅವನ ತಂಗಿ ಎನ್ಕಾರ್ನಾ ತುಟಿ ಓದಬಲ್ಲಳು,
ಇಂದಿಗೂ ಆ ಜಾಗದಲ್ಲಿ ಬಿದ್ದು ಬಿದ್ದು ನಗುತ್ತಾಳೆ.

ನನ್ನಪ್ಪ ಇಂದಲೇಸಿಯೊ ಇದರಲ್ಲಿ ಆರು ಸಲ ಸತ್ತ.
ಮೀಸೆ ಅಂಟಿಸಿ ಒಮ್ಮೆ, ಕಿತ್ತು ಒಮ್ಮೆ,
ಸಿಪಾಯಿಯಾಗಿ, ಸಿಪಾಯಿಗಳನ್ನು ಕೊಂದವನಾಗಿ;
ತಾನೇ ಹಾರಿಸಿದ ಗುಂಡಿಗೆ ತಾನೇ ಉರುಳಿದ್ದೂ ಉಂಟು.
ಸಾವಿಗೆ ನೂರೈವತ್ತು ಪೆಸೆಟಾ,
ಕುದುರೆಯಿಂದ ಬಿದ್ದು ಸತ್ತರೆ ಮೇಲೆ ಐವತ್ತು.
ಆ ದುಡ್ಡಲ್ಲಿ ಅಮ್ಮನಿಗೆ ಹೊಲಿಗೆ ಯಂತ್ರ ಬಂತು,
ಆ ಯಂತ್ರದಲ್ಲಿ ನನ್ನ ಮೊದಲ ಲಂಗ.

ಐದನೆಯ ಸಾವು ಬಾವಿಕಟ್ಟೆಯ ಬಳಿ.
ಗುರಿಯಿಟ್ಟು ನಿಂತ ಇಬ್ಬರ ನಡುವೆ ಕೋಳಿಯೊಂದು ದಾಟಿತು,
ಯಾರೂ ಅಟ್ಟಲಿಲ್ಲ.
ಅಪ್ಪ ಮಗ್ಗುಲಾಗಿ ಬಿದ್ದಿದ್ದಾನೆ. ಗಾಳಿ. ನೊಣ.
ಕ್ಯಾಮೆರಾ ಯಾಕೋ ಅವನನ್ನು ಬಿಟ್ಟು ಕದಲುವುದಿಲ್ಲ.
ಮುಗಿಯಿತೇನೋ ಎಂದು
ಅಪ್ಪ ಒಂದೇ ಒಂದು ಕಣ್ಣು ತೆರೆಯುತ್ತಾನೆ.
ಮುಗಿದಿಲ್ಲ.
ಮುಚ್ಚುತ್ತಾನೆ.

ಎರಡನೇ ಟೇಕ್‌ಗೆ ರೀಲಿರಲಿಲ್ಲ.
ಹಾಗಾಗಿ ಆ ಕಣ್ಣು ಉಳಿಯಿತು.

ಒಸಾಕಾದಿಂದ ಅಗಲ ಟೋಪಿ ತೊಟ್ಟು ಬಂದವನೊಬ್ಬ
ಹೋದ ವರ್ಷ ದುಭಾಷಿಯ ಬಾಯಲ್ಲಿ ಹೇಳಿಸಿದ:
ಸಾವೇ ತಿರುಗಿ ನಮ್ಮನ್ನು ನೋಡುವ ಕ್ಷಣವಂತೆ ಅದು,
ಅದಕ್ಕಾಗಿ ಇಪ್ಪತ್ತೇಳು ಸಲ ನೋಡಿದ್ದಾನಂತೆ.
ಹೌದೌದು ಅಂದೆವು. ಕಲ್ಲಂಗಡಿ ಕೊಯ್ದು ಕೊಟ್ಟೆವು.

ಏಳನೆಯದು ಅಲ್ಮೇರಿಯಾದ ಆಸ್ಪತ್ರೆಯಲ್ಲಿ,
ಪ್ಲಾಸ್ಟಿಕ್ ಹೊದ್ದ ಟೊಮೆಟೊ ತೋಟಗಳ ಬೆಳಕು ಕಿಟಕಿಗೆ ಕುಕ್ಕುತ್ತಿರಲು.
ಹನ್ನೊಂದು ದಿನ ಹಿಡಿಯಿತು. ಚೆನ್ನಾಗಿ ಮಾಡಲಿಲ್ಲ,
ಅಷ್ಟೆಲ್ಲ ರೂಢಿಯಿದ್ದವನು.
ಆಮೇಲೂ ಬಹಳ ಹೊತ್ತು
ನಾನು ಅವನ ರೆಪ್ಪೆಯನ್ನೇ ನೋಡುತ್ತ ಕೂತಿದ್ದೆ.

ಈಗ ಗೋಡೆಯ ಮೇಲೆ ಬಾವಿಕಟ್ಟೆ.
ಮಕ್ಕಳೆಲ್ಲ ಎದ್ದು ನಿಂತಿದ್ದಾರೆ: ಕೋಳಿ ಬಂತು, ಈಗ, ಈಗ!
ಅಮ್ಮನಿಗೆ ಎಂಬತ್ತೆಂಟು, ಎರಡೂ ಕಣ್ಣಿಗೆ ಪೊರೆ.
ನನ್ನ ತೋಳು ಹಿಡಿದು ಕೇಳುತ್ತಾಳೆ,
ತೆರೆದನಾ?
ತೆರೆದ, ಅನ್ನುತ್ತೇನೆ.
ಸರಿ, ಎಂದು ಸೂರ್ಯಕಾಂತಿ ಬೀಜಕ್ಕೆ ಮರಳುತ್ತಾಳೆ.

ಇನ್ನೂ ನಲವತ್ತು ನಿಮಿಷ ಇದೆ.
ಖಳ ಸಾಯಬೇಕು, ಗಂಟೆ ಬಾರಿಸಬೇಕು.
ಅಲ್ಲಿ, ಹಿಂದಿನ ಸಾಲಿನಲ್ಲಿ,
ಬೇರೊಂದು ಮೀಸೆ ಅಂಟಿಸಿಕೊಂಡು
ಅಪ್ಪ ಆಗಲೇ ಬಂದು ನಿಂತಿದ್ದಾನೆ,
ಪ್ಯಾಂಟಿನ ಧೂಳನ್ನು ಇನ್ನೂ ಕೊಡವಿಕೊಂಡಿಲ್ಲ.