ಕರೆಂಟ್ ಹೋದ ಮ್ಯಾಲ

ಮೇ ತಿಂಗಳ ರಾಯಚೂರಾಗ
ಮನಿಯೊಳಗ ಮಲಗೋದಂದ್ರ
ರೊಟ್ಟಿ ಹಂಚಿನ ಮ್ಯಾಲ ಮೈ ಚಾಚಿದಂಗ.
ಹತ್ತು ಹೊಡೀತಂದ್ರ ಚಾಪಿ, ತಂಬಿಗಿ, ಬೀಸಣಿಕಿ ಹಿಡ್ಕೊಂಡು
ಇಡೀ ಓಣಿ ಮಾಳಿಗಿ ಏರತೈತಿ.

ಹತ್ತಿ ಮಿಲ್ಲಿನಾಗ ಲೆಕ್ಕ ಬರಿಯಾಕಿ ನಾನು,
ಬಾಡಿಗಿ ರೂಮಿಗೆ ಹೊಸದಾಗಿ ಬಂದಾಕಿ.
ಬಂದ ದಿನ ರಾತ್ರಿ ಗೋಡಿ ಕಡೆ ಮುಖ ಮಾಡಿ ಮಲಗಿದ್ದೆ.
ಠಪ್ಪಂತ ಕರೆಂಟ್ ಹೋತು.
ಕತ್ತಲಾಗಿಂದ ಒಂದು ದನಿ:
"ಲೇ ದೇವಪುತ್ರಾ, ಸ್ವಿಚ್ಚಿಗೆ ಒರಗಿ ನಿಂತೀಯೇನಲೇ?"
ಮೂರು ಮಾಳಿಗಿ ಆಚೆಯಿಂದ ಇನ್ನೊಂದು:
"ಇವತ್ತು ನನಗ ರಜಾ ಐತಪಾ.
ನಾನಿಲ್ಲಂದ್ರ ಹಿಂಗ ಆಗತೈತಿ ನೋಡು."

ದೇವಪುತ್ರ ಶಕ್ತಿನಗರದ ಥರ್ಮಲ್ಲಿನಾಗ ಇರತಾನ.
ಕ್ಯಾಂಟೀನಿನಾಗ.
ಉಳ್ಳಾಗಡ್ಡಿ ಹೆಚ್ಚತಾನ.
ಆದರೂ ಈ ಊರಿನ ಕತ್ತಲಿಗೆಲ್ಲಾ ಅವನ ಜವಾಬ್ದಾರ.

ತಡೀಲಾರದ ನಕ್ಕಬಿಟ್ಟೆ.
ನೀರಿನ ಟಾಕಿ ಕಡಿಂದ ಹಾಜಿರಾಬಿ:
"ಅರೆ, ಯಾರದಿದು? ಹೊಸಾ ನಗಿ ಐತಲ್ಲ!"
ಹೆಸರು ಹೇಳಾಕ ಬಾಯಿ ತೆಗೆದೆ.
"ಬ್ಯಾಡ ಬಿಡವ್ವ, ಹೆಸರು ಹಗಲಿಗಿರಲಿ" ಅಂದಳು.
ಅವತ್ತಿಂದ ನಾನು ಹೊಸನಗಿ.

ಕಾಗಿಗೆ ಬೆವರು ಬರತೈತೋ ಇಲ್ಲೋ
ಅಂತ ಎರಡು ರಾತ್ರಿ ವಾದ ನಡೀತು.
"ಬಂದ್ರೂ ಹೆಂಗ ಗೊತ್ತಾಗಬೇಕು, ಮೊದಲೇ ಕರ್ರಗ ಐತಿ."
"ಮೊದಲೆಲ್ಲಿ ಕರ್ರಗಿತ್ತಲೇ?
ಕೊಕ್ಕರಿ ಇತ್ತದು. ರಾಯಚೂರಿಗೆ ಟ್ರಾನ್ಸ್‌ಫರ್ ಆತು."
ಹೇಳಿದಾವ ಕಂಡಕ್ಟರ್ ಯಂಕೋಬ.
ಕೆಮ್ಮಿ ಕೆಮ್ಮಿ ನಕ್ಕಾವ ಬೂದೆಪ್ಪ ತಾತ, ಆಮ್ಯಾಲ ಕೇಳಿದ:
"ಏನಂದ? ಇನ್ನೊಮ್ಮೆ ಹೇಳ್ರಿ, ನನಗ ಕೇಳಿಸಲಿಲ್ಲ."

ಒಂದು ಐತವಾರ ಉಸ್ಮಾನಿಯಾ ಮಾರ್ಕೆಟ್ಟಿನಾಗ
ಬೆನ್ನ ಹಿಂದ ಯಾರೋ ಮೆಣಸಿನಕಾಯಿ ಚೌಕಾಸಿ ಮಾಡತಿದ್ದರು.
ದನಿ ಕೇಳಿ ಗಕ್ಕನ ನಿಂತೆ. ಟಾಕಿ ಕಡೆಯ ದನಿ.
ಗುಡುಗಿನಂಥ ಮೈ ಇರಬೇಕಂತ ತಿಳಿದಿದ್ದೆ.
ನನ್ನ ಭುಜಕ್ಕ ಬರತಿದ್ದಳು,
ದಪ್ಪ ಚಾಳೀಸು, ಕೈಯಾಗ ಹರಿದ ಚೀಲ.
"ಆರಾಮ ಅದೀರಿ?" ಅಂದೆ.
"ಹ್ಞೂಂ ರೀ. ನೀವು ರೀ?"
ಅಷ್ಟೇ.
ಬಿಸಿಲಿಗೆ ಕಣ್ಣು ಕಿರಿದು ಮಾಡಿ
ಇಬ್ಬರೂ ಬ್ಯಾರೆ ಬ್ಯಾರೆ ಆಟೋ ಹತ್ತಿದ್ವಿ.

ರಾತ್ರಿ ಕರೆಂಟ್ ಹೋಗೋದ ತಡ:
"ಏ ಹೊಸನಗಿ! ಎಷ್ಟುದ್ದ ಅದಿಯವ್ವಾ!
ನಗಿ ಕೇಳಿ ನಾನು ನಿನ್ನ ಕುಳ್ಳಿ ಅನ್ಕೊಂಡಿದ್ದೆ!"
ನಾನೂ ಬಿಡಲಿಲ್ಲ:
"ನೀನು ಮೆಣಸಿನಕಾಯಿ ಚೀಲದಾಗ ಬಿದ್ದಿದ್ರ
ತೂಕಕ್ಕ ಹಾಕಿಬಿಡತಿದ್ದ ಅವ!"
ಎಂಟು ಮಾಳಿಗಿ ಒಮ್ಮೆಲೆ ನಕ್ಕವು.
ಯಾವುದೋ ನಾಯಿ ಹೆದರಿ ಬೊಗಳಿತು.

ಕರೆಂಟ್ ಬಂತಂದ್ರ ಮಾತ್ರ ಬಾಯಿ ಬಂದ್.
ಬೀದಿ ದೀಪದಾಗ ಬನೀನು, ಬಿಚ್ಚಿದ ಜಡಿ,
ಬೊಚ್ಚು ಬಾಯಿ, ಎಲ್ಲಾ ಕಾಣತೈತಿ.
ಹುಡುಗರಷ್ಟೇ ಹೋ ಅಂತಾವ.
ದೊಡ್ಡವರು ಆಚೆ ಮಗ್ಗಲಿಗೆ ಹೊರಳತಾರ.
ಮೊನ್ನೆ ಯಾರೋ ಮೆತ್ತಗ ಅಂದರು:
"ದೇವಪುತ್ರಾ, ಗಡಬಡಿ ಮಾಡಬ್ಯಾಡಪಾ.
ಇನ್ನೊಂದೀಟು ಒರಗಿಕೊಂಡಿರು."

ಮಿಲ್ಲಿನಾಗ ಕೇಳತಾರ,
ಕಣ್ಣು ಕೆಂಪಾಗ್ಯಾವಲ್ಲ, ರಾತ್ರಿಯೆಲ್ಲಾ ಏನು ಮಾತಾಡತೀರಿ?
ನೆನಪು ಮಾಡಿಕೊಳ್ಳತೀನಿ.
ಕಾಗಿ. ಕೊಕ್ಕರಿ. ಯಾರದೋ ಮಾವಿನಕಾಯಿ ಉಪ್ಪಿನಕಾಯಿಗೆ ಬೂಜು.
ಏನಿಲ್ಲ ರೀ, ಅಂತೀನಿ.

ಕಡೀಗೆ ದಿನಾ ಯಂಕೋಬ ಕೂಗತಾನ:
"ಯಾರರ ಇಳಿಯೋರು ಅದೀರೇನ್ರಿ?"
"ತಡಿಯಪಾ" ಅಂತ ಒಂದು ದನಿ ಬಂದ್ರ
ಬಸ್ಸು ಇನ್ನರ್ಧ ತಾಸು ನಿಲ್ಲತೈತಿ.
ನಿನ್ನೆ ಯಾರೂ ಓಗೊಡಲಿಲ್ಲ.
ನಾನು ಎಚ್ಚರಿದ್ದೆ.
ಮುಂಜಾನೆ ಐದಕ್ಕ ಅವಂಗ ಲಿಂಗಸುಗೂರು ಡ್ಯೂಟಿ,
ಅದಕ್ಕ ಉಸಿರು ಬಿಗಿಹಿಡಿದೆ.

ಸ್ವಲ್ಪ ಹೊತ್ತು ಕಾದ.
"ರೈಟ್" ಅಂದ,
ತನಗಷ್ಟೇ ಕೇಳುವಂಗ.